ರಾಜಘಟ್ಟದ ಬಿಲ್ಲೆ, ಅಂಗುಲಿಮಾಲನ ನಕ್ಷತ್ರ

2001ರಲ್ಲಿ, ಮತ್ತೆ 2004ರಲ್ಲಿ, ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್. ಕೃಷ್ಣಮೂರ್ತಿ ಮತ್ತವರ ತಂಡ ನೆಲ ಅಗೆದಾಗ ಎದ್ದು ಬಂದದ್ದೇನು ಗೊತ್ತೇ? ಬೌದ್ಧ ಚೈತ್ಯ, ವಿಹಾರ! ಜೊತೆಗೆ ಮಣ್ಣಿನ ಪುಟಾಣಿ ಹರಕೆ ಸ್ತೂಪಗಳು, ಅಕ್ಷರ ಒತ್ತಿದ ಬಿಲ್ಲೆಗಳು. ಬೆಂಗಳೂರಿನ ಮಗ್ಗುಲಲ್ಲೇ ಭಿಕ್ಷುಗಳು ಬಾಳಿದ್ದರು!

ಇಂಥ ಬಿಲ್ಲೆಗಳ ಮೇಲೆ ಬೌದ್ಧ ಜಗತ್ತಿನುದ್ದಕ್ಕೂ ಒತ್ತುತ್ತಿದ್ದ ಮಾತಿನ ತಿರುಳು ಇಷ್ಟೇ: ಹುಟ್ಟುವುದಕ್ಕೆಲ್ಲ ಹೇತುವಿದೆ, ಅದಕ್ಕೆ ಕೊನೆಯೂ ಇದೆ. ಮೇಲ್ನೋಟಕ್ಕೆ ಸಪ್ಪೆ. ಅದನ್ನೇ ಮನುಷ್ಯನ ಕೊಲ್ಲುವ ಆವೇಶಕ್ಕೆ ಹಚ್ಚಿ ನೋಡಿ, ಮೈ ಜುಮ್ಮೆನ್ನುತ್ತದೆ!

ಊರಲ್ಲೊಂದು ಕೊಲೆಯಾದರೆ ಕಟ್ಟೆಯ ಮೇಲೆ ಕೇಳಿಬರುವುದೇನು? "ಶನಿ ಹೆಗಲೇರಿತ್ತು", "ದೆವ್ವ ಹೊಕ್ಕಿತ್ತು", "ಅವರ ವಂಶದ ರಕ್ತವೇ ಹಾಗೆ". ಅಲ್ಲಿಗೆ ವಿಚಾರಣೆ ಮುಗಿಯಿತು.

ಬೌದ್ಧರು ಹೇಳುವ ಅಂಗುಲಿಮಾಲನ ಕಥೆಯಲ್ಲೂ ನಕ್ಷತ್ರವಿದೆ. ಕೋಸಲದ ಪುರೋಹಿತನ ಮಗ. ಅವನು ಹುಟ್ಟಿದ ರಾತ್ರಿ ಊರಿನ ಆಯುಧಗಳೆಲ್ಲ ತಾವಾಗಿ ಹೊಳೆದವಂತೆ. ತಂದೆ ಆಕಾಶ ನೋಡಿದರೆ ಚೋರ ನಕ್ಷತ್ರ! ಹೆದರಿ ಮಗುವಿಗೆ ಅಹಿಂಸಕ ಎಂದು ಹೆಸರಿಟ್ಟ. ಆಮೇಲೇನಾಯಿತು? ಏನೂ ಆಗಲಿಲ್ಲ! ಹುಡುಗ ತಕ್ಷಶಿಲೆಗೆ ಹೋಗಿ ಗುರುವಿನ ಅಚ್ಚುಮೆಚ್ಚಿನ ಶಿಷ್ಯನಾದ. ಸಹಪಾಠಿಗಳಿಗೆ ಹೊಟ್ಟೆಕಿಚ್ಚು, ಚಾಡಿ. ಗುರು ಕೆರಳಿ ಸಾವಿರ ಬೆರಳುಗಳ ದಕ್ಷಿಣೆ ಕೇಳಿದ ಮೇಲೆಯೇ ಅಹಿಂಸಕ ಕೊಲೆಗಡುಕ ಅಂಗುಲಿಮಾಲನಾದದ್ದು. ನಕ್ಷತ್ರವನ್ನು ಮೊದಲೇ ತೋರಿಸಿ, ಕಾರಣವನ್ನು ಪಾಠಶಾಲೆಯಲ್ಲಿಟ್ಟ ಕಥೆಗಾರನ ಜಾಣ್ಮೆಗೆ ಏನೆನ್ನಬೇಕು!

ಈಗ 2002ಕ್ಕೆ ಬನ್ನಿ, ನ್ಯೂಜಿಲೆಂಡಿನ ಡ್ಯುನೆಡಿನ್‌ಗೆ. ಒಂದು ಜೀನ್ ಇದೆ, ಎಂಎಒಎ. ಪತ್ರಿಕೆಗಳು ಅದಕ್ಕೆ ಕೊಟ್ಟ ಬಿರುದು 'ಯೋಧರ ಜೀನ್'. ವಂಶದ ರಕ್ತ ಎಂಬ ಹಳೆಯ ಮಾತಿಗೆ ಹೊಸ ಅಂಗಿ! ಆದರೆ ಸಂಶೋಧಕ ಅವ್ಶಲೋಮ್ ಕ್ಯಾಸ್ಪಿ ಮತ್ತು ಸಂಗಡಿಗರು ಅಲ್ಲಿ ಹುಟ್ಟಿನಿಂದ ಹಿಂಬಾಲಿಸಿದ್ದ ಗಂಡುಮಕ್ಕಳಲ್ಲಿ ಕಂಡದ್ದೇ ಬೇರೆ. ಆ ಜೀನ್ ಮಂದವಾಗಿದ್ದು, ಬಾಲ್ಯದಲ್ಲಿ ಹಿಂಸೆಯನ್ನೂ ಉಂಡವರು ಮುಂದೆ ಹಿಂಸೆಗಿಳಿಯುವ ಸಂಭವ ಹೆಚ್ಚು. ಅದೇ ಜೀನಿನೊಂದಿಗೆ ಅಕ್ಕರೆಯಲ್ಲಿ ಬೆಳೆದವರಲ್ಲಿ ಹಾಗಿಲ್ಲ. ಮುಂದಿನ ಅಧ್ಯಯನಗಳೆಲ್ಲ ಒಂದೇ ಮಾತು ಹೇಳಿಲ್ಲ, ನಿಜ. ಆದರೂ ನಕ್ಷತ್ರ ಮತ್ತು ಪಾಠಶಾಲೆ ಮತ್ತೆ ಎದುರಾದವಲ್ಲ!

ಇನ್ನೊಂದು ನಂಬಿಕೆ: ಸಿಟ್ಟನ್ನು ಯಾವುದಾದರೂ ಬೊಂಬೆಯ ಮೇಲೆ ತೀರಿಸಿಕೊಂಡರೆ ಇಳಿಯುತ್ತದೆ ಅಂತ. ಅದೇ 2002ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ ಇದನ್ನು ಪರೀಕ್ಷಿಸಿದರು. ಕೆಣಕಿದವನನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು ಏರಿತ್ತು. ಸುಮ್ಮನೆ ಕೂತವರದು ಕಡಿಮೆ ಇತ್ತು. ಇದು ಕವಿ ಜನ್ನನನ್ನು ನೆನಪಿಸುವುದಿಲ್ಲವೇ? ಅವನ 1209ರ ಯಶೋಧರ ಚರಿತೆಯಲ್ಲಿ ರಾಜ ಕಡಿದದ್ದು ಬರೀ ಹಿಟ್ಟಿನ ಕೋಳಿ. ಆ ಸಂಕಲ್ಪಕ್ಕೇ ಜನ್ಮಜನ್ಮಾಂತರ ತೊಳಲಿದ!

ಇನ್ನು ಬಿಲ್ಲೆಯ ಮೇಲಿನ ಆ ಮಾತಿನ ಉಳಿದರ್ಧ, ಕೊನೆಯೂ ಇದೆ ಎಂಬುದು. ಅಂಗುಲಿಮಾಲ ಭಿಕ್ಷುವಾದ. ಭಿಕ್ಷೆಗೆ ಹೋದಲ್ಲಿ ಕಲ್ಲು ಬಿದ್ದು ತಲೆ ಒಡೆದರೂ ಕೈ ಎತ್ತಲಿಲ್ಲ. ಹೆರಿಗೆ ನೋವಿನಲ್ಲಿ ನರಳುತ್ತಿದ್ದ ಹೆಂಗಸೊಬ್ಬಳ ಮುಂದೆ ಅವನಾಡಿದ ಸತ್ಯವಚನದಿಂದ ತಾಯಿ, ಮಗು ಇಬ್ಬರೂ ಉಳಿದರಂತೆ. ಇವತ್ತಿಗೂ ಶ್ರೀಲಂಕೆಯಲ್ಲಿ ಬಸುರಿಗೆ ಸುಖಪ್ರಸವವಾಗಲೆಂದು ಭಿಕ್ಷುಗಳು ಪಠಿಸುವ ರಕ್ಷಾಸೂತ್ರದ ಹೆಸರು ಅಂಗುಲಿಮಾಲ ಪರಿತ್ತ.