ಡ್ಯಾಫೊಡಿಲ್ ಮರುವರ್ಷ ಏಕೆ ಅರಳುವುದಿಲ್ಲ?

ಡ್ಯಾಫೊಡಿಲ್ ಯುರೋಪಿನ ವಸಂತದ ಹೂ. ನಾರ್ಸಿಸಸ್ ಕುಲದ ಈ ಸಸ್ಯದ ತವರು ಸ್ಪೇನ್, ಪೋರ್ಚುಗಲ್ ಮತ್ತು ಮೆಡಿಟರೇನಿಯನ್ ಸುತ್ತಲಿನ ನಾಡುಗಳು. ಬ್ರಿಟನ್ನಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ನೆಟ್ಟ ಗಡ್ಡೆ ಮಾರ್ಚ್‌ನಲ್ಲಿ ಹಳದಿ ಹೂ ಬಿಡುತ್ತದೆ. ಎರಡು ಮೂರು ವರ್ಷ ಕಳೆದ ಮೇಲೆ ಅನೇಕ ಅಂಗಳಗಳಲ್ಲಿ ಎಲೆ ಮಾತ್ರ ಸೊಂಪಾಗಿ ಬರುತ್ತದೆ, ಹೂ ಕಾಣುವುದಿಲ್ಲ. ಅಲ್ಲಿನ ತೋಟಗಾರರು ಇಂಥ ಗಡ್ಡೆಯನ್ನು ‘ಕುರುಡು’ ಎನ್ನುತ್ತಾರೆ. ಗಡ್ಡೆ ಬದುಕಿಯೇ ಇರುತ್ತದೆ, ಹೂ ಕಟ್ಟುವಷ್ಟು ಕಸುವು ಮಾತ್ರ ಅದರಲ್ಲಿರುವುದಿಲ್ಲ.

ಡ್ಯಾಫೊಡಿಲ್ ಗಡ್ಡೆಯ ರಚನೆ ಈರುಳ್ಳಿಯನ್ನು ಹೋಲುತ್ತದೆ. ಒಂದರ ಮೇಲೊಂದು ಸುತ್ತಿಕೊಂಡ ದಪ್ಪ ಪದರಗಳಲ್ಲಿ ಆಹಾರ ಸಂಗ್ರಹವಾಗಿರುತ್ತದೆ, ನಡುವೆ ಮೊಳಕೆ ಇರುತ್ತದೆ. ಹೂ ಬಾಡಿದ ನಂತರವೂ ಎಲೆಗಳು ವಾರಗಟ್ಟಲೆ ಹಸಿರಾಗಿದ್ದು, ಬಿಸಿಲಿನಲ್ಲಿ ಆಹಾರ ತಯಾರಿಸಿ ಗಡ್ಡೆಗೆ ಇಳಿಸುತ್ತವೆ. ಮುಂದಿನ ವರ್ಷದ ಮೊಗ್ಗಿನ ಮೂಲರೂಪ ಗಡ್ಡೆಯೊಳಗೆ ಮೂಡುವುದು ವಸಂತದ ಕೊನೆ ಮತ್ತು ಬೇಸಿಗೆಯ ಆರಂಭದಲ್ಲಿ. ಆಗ ಆಹಾರ ಸಾಲದಿದ್ದರೆ ಮೊಗ್ಗು ಹುಟ್ಟುವುದೇ ಇಲ್ಲ. ಅಂಗಡಿಯಿಂದ ತಂದ ಗಡ್ಡೆ ಮೊದಲ ವರ್ಷ ಚೆನ್ನಾಗಿ ಅರಳುವುದಕ್ಕೂ ಇದೇ ಕಾರಣ. ಆ ಹೂ ಬೆಳೆಗಾರನ ಹೊಲದಲ್ಲೇ ಗಡ್ಡೆಯೊಳಗೆ ರೂಪುಗೊಂಡಿರುತ್ತದೆ. ಮನೆಯಂಗಳದ ಆರೈಕೆಯ ಫಲ ಕಾಣುವುದು ಎರಡನೆಯ ವರ್ಷದಿಂದ.

ಹೂ ನಿಲ್ಲಲು ಸಾಮಾನ್ಯ ಕಾರಣ ಎಲೆಗಳನ್ನು ಬೇಗ ಕತ್ತರಿಸುವುದು. ಹೂ ಹೋದ ಮೇಲೆ ಜೋತುಬಿದ್ದ ಎಲೆ ಅಂದಗೆಡಿಸುತ್ತದೆಂದು ಕೆಲವರು ಕೊಯ್ದುಹಾಕುತ್ತಾರೆ, ಕೆಲವರು ಗಂಟು ಹಾಕಿ ಕಟ್ಟುತ್ತಾರೆ. ಹುಲ್ಲುಹಾಸಿನಲ್ಲಿ ನೆಟ್ಟಿದ್ದರೆ ಹುಲ್ಲಿನ ಜೊತೆಗೇ ಎಲೆಯೂ ಯಂತ್ರಕ್ಕೆ ಸಿಗುತ್ತದೆ. ಹೂ ಬಾಡಿದ ಮೇಲೆ ಕನಿಷ್ಠ ಆರು ವಾರ ಎಲೆಯನ್ನು ಮುಟ್ಟಬಾರದು. ಬಾಡಿದ ಹೂವನ್ನು ಮಾತ್ರ ಚಿವುಟಿ ತೆಗೆದರೆ ಬೀಜ ಕಟ್ಟಲು ಹೋಗುವ ಶಕ್ತಿ ಗಡ್ಡೆಗೆ ಉಳಿಯುತ್ತದೆ. ಹಸಿರು ದಂಟೂ ಆಹಾರ ತಯಾರಿಸುವುದರಿಂದ ಅದನ್ನು ಬಿಡುವುದು ಲೇಸು.

ಎರಡನೆಯ ಕಾರಣ ಇಕ್ಕಟ್ಟು. ತಾಯಿಗಡ್ಡೆಯ ಪಕ್ಕದಲ್ಲಿ ಮರಿಗಡ್ಡೆಗಳು ಹುಟ್ಟುತ್ತಾ ಕೆಲವು ವರ್ಷಗಳಲ್ಲಿ ದೊಡ್ಡ ಗುಂಪಾಗುತ್ತದೆ. ಇದ್ದ ನೀರು, ಗೊಬ್ಬರ ಹಂಚಿಹೋಗಿ ಯಾವ ಗಡ್ಡೆಯೂ ಹೂ ಬಿಡುವ ಗಾತ್ರಕ್ಕೆ ಬರುವುದಿಲ್ಲ. ಮೇಲುಮೇಲೆ ನೆಟ್ಟಾಗ ಗಡ್ಡೆ ಬೇಗ ಸಣ್ಣ ಸಣ್ಣದಾಗಿ ಒಡೆಯುತ್ತದೆ. ಆದ್ದರಿಂದ ಗಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳದಲ್ಲಿ, ಅಂದರೆ ಸುಮಾರು 15 ಸೆಂಟಿಮೀಟರ್ ಆಳದಲ್ಲಿ ನೆಡುವುದು ರೂಢಿ.

ನೆರಳು, ಗೊಬ್ಬರ ಮತ್ತು ನೀರಿನ ಪಾತ್ರವೂ ದೊಡ್ಡದು. ಗಿಡ ನೆಟ್ಟಾಗ ಬಯಲಾಗಿದ್ದ ಜಾಗ ವರ್ಷಗಳು ಕಳೆದಂತೆ ಪಕ್ಕದ ಪೊದೆಯ ನೆರಳಿಗೆ ಸಿಕ್ಕಿಬಿಡಬಹುದು. ಸಾರಜನಕ ಹೆಚ್ಚಿರುವ ಗೊಬ್ಬರ ಎಲೆಯನ್ನು ಬೆಳೆಸುತ್ತದೆ. ಹೂ ಮತ್ತು ಗಡ್ಡೆಗೆ ಬೇಕಾದದ್ದು ಪೊಟ್ಯಾಷ್. ಮೊಗ್ಗು ಮೂಡಿಯೂ ಕಂದು ಕಾಗದದಂತೆ ಒಣಗಿದರೆ ಅದು ಕುರುಡಲ್ಲ, ನೀರಿನ ಕೊರತೆಯಿಂದ ಕರಟಿದ ಮೊಗ್ಗು. ಸುತ್ತುಸುತ್ತು ಎಸಳಿನ ತಳಿಗಳಲ್ಲಿ ಇದು ಹೆಚ್ಚು.

ಕೀಟ ಮತ್ತು ರೋಗಗಳೂ ಗಡ್ಡೆಯನ್ನು ಕುಗ್ಗಿಸುತ್ತವೆ. ದುಂಬಿಯನ್ನು ಹೋಲುವ ನಾರ್ಸಿಸಸ್ ನೊಣ ಬೇಸಿಗೆಯ ಆರಂಭದಲ್ಲಿ, ಒಣಗುತ್ತಿರುವ ಎಲೆಗಳ ಬುಡದಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿಹುಳು ಗಡ್ಡೆಯೊಳಗೆ ಹೊಕ್ಕು ತಿರುಳು ತಿನ್ನುತ್ತದೆ. ಅಳಿದುಳಿದ ಗಡ್ಡೆಯಿಂದ ಹುಲ್ಲಿನಂಥ ತೆಳು ಎಲೆ ಮಾತ್ರ ಬರುತ್ತದೆ. ಫ್ಯುಸೇರಿಯಂ ಶಿಲೀಂಧ್ರ ಬುಡವನ್ನು ಕೊಳೆಸುತ್ತದೆ, ಬರಿಗಣ್ಣಿಗೆ ಕಾಣದ ಜಂತುಹುಳು ಪದರಗಳನ್ನು ಹಾಳುಮಾಡುತ್ತದೆ. ಬೆಳೆಗಾರರು ಜಂತುಹುಳುವಿನ ಕಾಟಕ್ಕೆ ಗಡ್ಡೆಗಳನ್ನು 44.4 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 3 ಗಂಟೆ ಇಡುತ್ತಾರೆ. ಈ ಚಿಕಿತ್ಸೆಗೆ ತಳಹದಿ ಹಾಕಿದವರು ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ವಿಸ್ಲಿ ತೋಟದಲ್ಲಿ ಪ್ರಯೋಗ ನಡೆಸಿದ ಜೇಮ್ಸ್ ರಾಮ್ಸ್‌ಬಾಟಮ್.

ಗಡ್ಡೆಯೊಳಗೆ ಮೂಡಿದ ಮೊಗ್ಗು ದಂಟಾಗಿ ಮೇಲೇಳಲು ಚಳಿ ಬೇಕು. ಹೆಚ್ಚಿನ ತಳಿಗಳಿಗೆ 9 ಡಿಗ್ರಿ ಆಸುಪಾಸಿನ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆ ಸುಮಾರು ಮೂರು ನಾಲ್ಕು ತಿಂಗಳು ಸಿಗಬೇಕು. ಬೆಂಗಳೂರಿನ ಚಳಿಗಾಲದ ರಾತ್ರಿಯಲ್ಲೂ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸುತ್ತಮುತ್ತ ಇರುವುದರಿಂದ ಅಲ್ಲಿ ಈ ಅಗತ್ಯ ಪೂರೈಸುವುದಿಲ್ಲ. ಟಾಜೆಟ್ಟಾ ಗುಂಪಿನ ಪೇಪರ್‌ವೈಟ್‌ನಂಥ ತಳಿಗಳಿಗೆ ಇಂಥ ಚಳಿ ಬೇಕಿಲ್ಲ. ಅದೇ ಗುಂಪಿನ ‘ಸೊಲೈಲ್ ಡಿ ಓರ್’ ತಳಿಯನ್ನು ಬೆಳೆಯುವ ಇಂಗ್ಲೆಂಡಿನ ಸಿಲ್ಲಿ ದ್ವೀಪಗಳಲ್ಲಿ ಬೇಸಿಗೆಯಲ್ಲಿ ಹೊಲದ ಮೇಲೆ ಹುಲ್ಲು ಸುಡುವ ಪದ್ಧತಿಯಿತ್ತು. ಹೊಗೆಯಲ್ಲಿರುವ ಎಥಿಲೀನ್ ಅನಿಲ ಗಡ್ಡೆಯನ್ನು ಬೇಗ ಹೂ ಕಟ್ಟಲು ಪ್ರಚೋದಿಸುತ್ತದೆ.

ಕುರುಡಾದ ಗುಂಪನ್ನು ಸರಿಪಡಿಸಲು ಎಲೆಗಳು ಪೂರ್ತಿ ಹಳದಿಯಾದ ಮೇಲೆ ಅಗೆದು ತೆಗೆಯಬೇಕು. ಒತ್ತಿದರೆ ಮೆತ್ತಗಿರುವ, ಕೊಳೆತ ಗಡ್ಡೆಗಳನ್ನು ಎಸೆಯಬೇಕು. ಗಟ್ಟಿಯಾದವನ್ನು ಬಿಡಿಸಿ, ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ಸಾಕಷ್ಟು ಆಳಕ್ಕೆ, ಅಂತರ ಬಿಟ್ಟು ನೆಡಬೇಕು. ಎಲೆ ಹಸಿರಾಗಿರುವಷ್ಟು ದಿನ ನೀರು ಕೊಟ್ಟು, ಹೂ ಮುಗಿದ ಮೇಲೆ ಪೊಟ್ಯಾಷ್ ಗೊಬ್ಬರ ಹಾಕಬೇಕು. ದೊಡ್ಡ ಗಡ್ಡೆಗಳು ಒಂದೆರಡು ವರ್ಷದಲ್ಲಿ ಮತ್ತೆ ಅರಳುತ್ತವೆ. ಸಣ್ಣ ಮರಿಗಡ್ಡೆಗಳು ಬಲಿಯಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ.