ಕುಂಟೆತ್ತಿನ ಪಾಲು

ತುಂಗಭದ್ರೆಯ ಎಡದಂಡೆಯಲ್ಲಿ ನೆಲೆಸಿದ ನಮ್ಮ ಮುಕ್ಕುಂದದಲ್ಲಿ, ಕಾರಹುಣ್ಣಿಮೆ ಕಳೆದು ಜ್ಯೇಷ್ಠದ ಅಮಾವಾಸ್ಯೆ ಸಮೀಪಿಸಿತೆಂದರೆ, ಹುಡುಗರಾದ ನಮ್ಮ ಕಾಲುಗಳು ಯಾರ ಅಪ್ಪಣೆಯನ್ನೂ ಕಾಯದೆ ಹೊಳೆಯ ಕಡೆಗೆ ತಿರುಗುತ್ತಿದ್ದವು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡಬೇಕು. ಎತ್ತಿಗೆ ತಕ್ಕ ಮಣ್ಣು ಬೇಕು. ಹೊಲದ ಎರೆಮಣ್ಣು ಹಸಿಯಿರುವಾಗ ಬೆಣ್ಣೆಯಂತೆ ಕೈಗೊಗ್ಗಿದರೂ ಒಣಗುವಾಗ ಬಿರಿದು ಎತ್ತಿನ ಹೊಟ್ಟೆಯನ್ನೇ ಸೀಳಿಬಿಡುವ ಸ್ವಭಾವದ್ದಾದುದರಿಂದ, ಅದಕ್ಕೆ ಹೊಳೆಯ ಮರಳನ್ನೆಷ್ಟು ಬೆರೆಸಬೇಕು, ಸಗಣಿಯನ್ನೆಷ್ಟು ಕೂಡಿಸಬೇಕು, ಎಷ್ಟು ಹೊತ್ತು ನಾದಬೇಕು ಎಂಬುದು ಒಂದೊಂದು ಓಣಿಯ ಹುಡುಗರಿಗೂ ಒಂದೊಂದು ಬಗೆಯಾಗಿ ತಿಳಿದಿದ್ದ ಶಾಸ್ತ್ರವಾಗಿದ್ದಿತು. ಜೋಡೆತ್ತು, ಅವುಗಳ ಮುಂದೆ ಗೋದಲಿ. ಕಣ್ಣಿಗೆ ಜೋಳದ ಕಾಳು, ಕೊಂಬಿನ ತುದಿಗೆ ಕುಸುಬೆ. ಮೈಗೆ ಸುಣ್ಣ, ಬೆನ್ನಿನ ಮೇಲಣ ಝೂಲಕ್ಕೆ ಕೆಮ್ಮಣ್ಣು, ಗೊರಸಿಗೆ ಇದ್ದಿಲ ಮಸಿ. ಸುಣ್ಣವನ್ನು ದಪ್ಪವಾಗಿ ಒಂದೇ ಸಲ ಬಳಿದರೆ ಹಪ್ಪಳವಾಗಿ ಏಳುವುದೆಂದೂ, ತೆಳ್ಳಗೆ ಎರಡು ಸಲ ಬಳಿದರೆ ಮೈಗೆ ಹತ್ತಿಕೊಳ್ಳುವುದೆಂದೂ ನಮ್ಮ ಅಜ್ಜಿ ಕಲಿಸಿದ್ದಳು. ಆ ಎರಡು ತೆಳುಲೇಪಗಳ ಉಪದೇಶವನ್ನು ಐವತ್ತು ವರ್ಷಗಳ ಮೇಲೆ, ಭೂಮಿಯ ಇನ್ನೊಂದು ಮಗ್ಗುಲಿನ ವಿನೋದವೊಂದರ ಮೊದಲ ಪಾಠವಾಗಿ ಮತ್ತೆ ಕೇಳುವೆನೆಂದು ಆಗ ನಾನು ಎಣಿಸಿರಲಿಲ್ಲ.

ಅಮಾವಾಸ್ಯೆಯ ದಿನ ಎತ್ತುಗಳು ಜಗುಲಿಯೇರಿ ದೇವರಾಗುತ್ತಿದ್ದವು. ಅವಕ್ಕೆ ಹೋಳಿಗೆಯ ಎಡೆ, ಊದಿನಕಡ್ಡಿಯ ಹೊಗೆ, ಹಿರಿಯರ ನಮಸ್ಕಾರ. ಮರುದಿನವಾದರೋ ಅವು ತಿರುಗಿ ನಮ್ಮ ಸ್ವತ್ತು. ಒಂದೆತ್ತಿನ ಕಾಲನ್ನು ಮುರಿದು, ಅದನ್ನು ಕುಂಟೆತ್ತೆಂದು ಕರೆದು, ಹಲಗೆಯೊಂದರ ಮೇಲೆ ನಿಲ್ಲಿಸಿಕೊಂಡು ಮನೆಮನೆಯ ಬಾಗಿಲಿಗೆ ಹೋಗಿ, ಎಂಟು ಎತ್ತಿನಲ್ಲಿ ಕುಂಟಾದ ಈ ಒಂದಕ್ಕೆ ಜೋಳ ನೀಡಿರೆಂದು ಹಾಡಿ ಬೇಡುವುದು ಆ ದಿನದ ಪದ್ಧತಿ. ನಿನ್ನೆಯ ದೇವರು ಇಂದು ಭಿಕ್ಷುಕ. ಭಿಕ್ಷುಕನಾದರೂ ಅವನನ್ನು ಬರಿಗೈಯಲ್ಲಿ ಕಳುಹಿಸುವ ಮನೆ ನಮ್ಮ ಊರಿನಲ್ಲಿ ನಾನು ಕಂಡುದಿಲ್ಲ. ಕೂಡಿದ ಜೋಳವನ್ನು ಕೊಟ್ಟು ಬೆಲ್ಲ, ಶೇಂಗಾ ಕೊಂಡು, ಹೊಳೆದಂಡೆಯಲ್ಲಿ ಉಂಡು, ಎತ್ತುಗಳನ್ನು ನೀರಿಗೆ ಬಿಡುವಾಗ, ಹತ್ತು ದಿನ ಕೈಯಾರೆ ಮಾಡಿದ ಎತ್ತು ಕರಗುವುದನ್ನು ನೋಡಲಾರದೆ ಬೆನ್ನು ತಿರುಗಿಸಿ ನಿಲ್ಲುವ ಹುಡುಗನೊಬ್ಬ ಪ್ರತಿ ವರುಷವೂ ಇರುತ್ತಿದ್ದ. ಬಹುತೇಕ ವರುಷಗಳಲ್ಲಿ ಆ ಹುಡುಗ ನಾನೇ.

ಇದೆಲ್ಲವನ್ನೂ ಈಗ ನೆನೆಯಲು ಕಾರಣವಾದುದು, ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗನು ಕಳೆದ ಬೇಸಗೆಯ ರಜೆಯಲ್ಲಿ ಹೊತ್ತುತಂದ ಒಂದು ಪೆಟ್ಟಿಗೆ. ಅದರೊಳಗೆ ನೆಲಮಾಳಿಗೆಯೊಂದರ ನಕ್ಷೆಯಂತೆ ಕೋಣೆಗಳನ್ನೂ ಓಣಿಗಳನ್ನೂ ಬರೆದ ಹಾಸು. ರಟ್ಟು ಮತ್ತು ಪ್ಲಾಸ್ಟಿಕ್ಕಿನ ಬಾಗಿಲು, ಮೇಜು, ಶವಪೆಟ್ಟಿಗೆಗಳು. ಒಂದಂಗುಲ ಒಂದೂವರೆ ಅಂಗುಲ ಎತ್ತರದ ವೀರರು, ಅಸ್ಥಿಪಂಜರಗಳು, ರೆಕ್ಕೆಯುಳ್ಳ ದಾನವನೊಬ್ಬ. ಆಟದ ಹೆಸರು ಹೀರೋಕ್ವೆಸ್ಟ್. 1989ರಲ್ಲಿ ಮೊದಲು ಹೊರಬಂದು, ಬಹುಕಾಲ ಮರೆಯಾಗಿದ್ದು, ಈಚೆಗೆ ಮತ್ತೆ ಅಚ್ಚಾದುದು. ಪ್ರತಿಮೆಗಳು ಒಂದೊಂದು ಪಂಗಡಕ್ಕೆ ಒಂದೊಂದರಂತೆ ಮೈತುಂಬ ಒಂದೇ ಬಣ್ಣದವು. ಕೊಂಡವನೇ ಅವಕ್ಕೆ ವರ್ಣವಿನ್ಯಾಸವನ್ನು ಮಾಡಿಕೊಳ್ಳತಕ್ಕದ್ದು. ಹುಡುಗನು ಕುಂಚಗಳನ್ನೂ ಪುಟ್ಟ ಪುಟ್ಟ ಶೀಷೆಗಳಲ್ಲಿದ್ದ ಅಕ್ರಿಲಿಕ್ ಬಣ್ಣಗಳನ್ನೂ ಪಡಸಾಲೆಯಲ್ಲಿ ಹರಡಿಕೊಂಡು, "ಮಾಮಾ, ಬಣ್ಣಕ್ಕ ನೀರು ಬೆರೆಸಿ ತೆಳ್ಳಗ ಎರಡು ಸಲ ಹಚ್ಚಬೇಕು ನೋಡ್ರಿ, ಇಲ್ಲಂದ್ರ ಮುಖದ ಕೆತ್ತನಿ ಮುಚ್ಚಿಹೋಗತೈತಿ" ಎಂದಾಗ, ನನಗೆ ಅಜ್ಜಿಯ ಸುಣ್ಣದ ಪರಟೆ ಕಣ್ಣಮುಂದೆ ಬಂದುನಿಂತಿತು.

ಇಂಥ ವಿನೋದವು ಪರದೇಶದ್ದೆಂದೂ, ವಯಸ್ಸಾದವರಿಗೆ ಒಪ್ಪತಕ್ಕುದಲ್ಲವೆಂದೂ ಹೇಳುವವರು ನಮ್ಮ ಮನೆಯಲ್ಲಿಯೂ ಉಂಟು. ಪರದೇಶದ ಕಥೆಯನ್ನು ಮೊದಲು ಹೇಳಿ ಮುಗಿಸುವೆನು. ಪ್ರಷ್ಯದ ಅಧಿಕಾರಿಯಾದ ರೈಸ್‌ವಿಟ್ಸ್ ಎಂಬವನು 1812ರಲ್ಲಿ ತನ್ನ ಅರಸನಿಗೆ ಯುದ್ಧಾಭ್ಯಾಸದ ಮೇಜೊಂದನ್ನು ಒಪ್ಪಿಸಿದನು. ಆಂಗ್ಲ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಆಟದ ಸಿಪಾಯಿಗಳ ಕಾಳಗಕ್ಕೆ ನಿಯಮಗಳನ್ನು ಬರೆದು ಪ್ರಕಟಿಸಿದನು. 1974ರಲ್ಲಿ ಅಮೆರಿಕದ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬಿಬ್ಬರು ಸೈನ್ಯಕ್ಕೆ ಬದಲಾಗಿ ಒಬ್ಬೊಬ್ಬ ವೀರನನ್ನೇ ಒಬ್ಬೊಬ್ಬ ಆಟಗಾರನಿಗೆ ಕೊಟ್ಟು ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಕಥನಕ್ರೀಡೆಯನ್ನು ಹೊರತಂದರು. 1983ರಲ್ಲಿ ಇಂಗ್ಲೆಂಡಿನಲ್ಲಿ ವಾರ್‌ಹ್ಯಾಮರ್ ಬಂದುದು, ಪ್ರತಿಮೆಗಳಿಗೆ ಬಣ್ಣ ಹಚ್ಚುವುದನ್ನು ಆಟದಷ್ಟೇ ದೊಡ್ಡದೊಂದು ಹವ್ಯಾಸವನ್ನಾಗಿಸಿತು.

ಆದರೆ ಅಂಗೈಯಲ್ಲಿ ಅಡಗುವ ರೂಪವನ್ನು ಕಡೆದು ಅದರೊಡನೆ ಲೋಕವೊಂದನ್ನು ಹೂಡುವ ಆಸೆ ನಮ್ಮ ಎಡೆದೊರೆ ನಾಡಿಗೆ ಹೊಸದಾಗಿ ಬರಬೇಕಾದುದಲ್ಲ. ಮುದಗಲ್ಲಿನ ಸಮೀಪದಲ್ಲಿ, ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಪಿಕಳಿಹಾಳದಲ್ಲಿ, 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಗೆತ ನಡೆಸಿದಾಗ, ನವಶಿಲಾಯುಗದ ಜನ ಬಾಳಿದ ಮಣ್ಣಿನ ಪದರಗಳಲ್ಲಿ ಡುಬ್ಬವುಳ್ಳ ಎತ್ತಿನ ಸುಟ್ಟ ಮಣ್ಣಿನ ಗೊಂಬೆಗಳು ದೊರೆತವು. ಅಲ್ಲಿಯ ಬಂಡೆಗಳ ಮೇಲೆಯೂ ದನಗಳ ಚಿತ್ರಗಳುಂಟು. ನಾಲ್ಕು ಸಾವಿರ ವರ್ಷಗಳ ಆಚೀಚೆಗೆ, ಮಸ್ಕಿಯಲ್ಲಿ ಅಶೋಕನ ಹೆಸರು ಕಲ್ಲಿನ ಮೇಲೆ ಬೀಳುವುದಕ್ಕೂ ಬಹು ಹಿಂದೆ, ಇದೇ ನೆಲದಲ್ಲಿ ದನಗಾಹಿಯೊಬ್ಬ ಇಷ್ಟು ಮಣ್ಣನ್ನು ಹಿಸುಕಿ ಡುಬ್ಬವನ್ನು ಎತ್ತಿದ. ಅದನ್ನು ಪೂಜೆಗೆಂದು ಮಾಡಿದನೋ, ಮಗುವಿನ ಕೈಗೆಂದು ಮಾಡಿದನೋ ಎಂದು ಕೇಳುವವರಿಗೆ, ಒಂದೇ ಎತ್ತು ಒಂದು ದಿನ ಜಗುಲಿಯ ಮೇಲೂ ಮರುದಿನ ಹುಡುಗರ ಹಲಗೆಯ ಮೇಲೂ ಇರುವ ನಮ್ಮ ಊರಿನ ಪದ್ಧತಿಯನ್ನು ತೋರಿಸಲು ನನಗೆ ಮನಸ್ಸಾಗುತ್ತದೆ.

ಚದುರಂಗವಂತೂ ಆನೆ, ಕುದುರೆ, ರಥ, ಕಾಲಾಳುಗಳ ಕಿರುಸೈನ್ಯವೇ. ಅರಸರಲ್ಲಿ ಆಟಗಳನ್ನು ವಿದ್ಯೆಯೆಂದು ಎಣಿಸಿ ಗ್ರಂಥಸ್ಥಗೊಳಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಈ ವಿನೋದಗಳಿಗೆಂದೇ ಮೀಸಲಿಟ್ಟರು. ಅವರು ರೂಪಿಸಿದ ಗಂಜೀಫಾ ಆಟಗಳಲ್ಲಿ ಚಾಮುಂಡೇಶ್ವರಿಯ ಹೆಸರಿನದಕ್ಕೆ 320 ಎಲೆಗಳು. ಒಂದೊಂದು ಎಲೆಯ ಮೇಲೂ ಕೂದಲೆಳೆಯ ಕುಂಚದಿಂದ ದೇವತೆಯನ್ನೋ ವಾಹನವನ್ನೋ ಬಿಡಿಸಿ ಮುಗಿಸುವವರೆಗೆ ಆಟ ಆರಂಭವಾಗುವಂತಿಲ್ಲವೆಂಬುದನ್ನು ಎಣಿಸಿ ನೋಡಿದರೆ, ಆ ಆಸ್ಥಾನದಲ್ಲಿ ಆಡಿದ ಹೊತ್ತಿಗಿಂತ ಬರೆದ ಹೊತ್ತೇ ಹೆಚ್ಚಾಗಿದ್ದಿರಬೇಕು. ಇಂದಿನ ಈ ಹವ್ಯಾಸಿಗಳ ಮಾತೂ ಅದೇ. ವಾರಕ್ಕೊಂದು ಸಂಜೆ ಆಡಿದರೆ, ಆರು ಸಂಜೆ ಬಣ್ಣದ ಮುಂದೆ.

ನಾನು ಪ್ರತಿಮೆಯೊಂದನ್ನು ಎತ್ತಿಕೊಂಡುದು ಹುಡುಗನ ಮಾತಿಗೆ. ಮೊದಲು ಅಚ್ಚಿನ ಎರಡು ಭಾಗಗಳು ಕೂಡಿದೆಡೆಯಲ್ಲಿ ಉಳಿದ ಸಣ್ಣ ಏಣನ್ನು ಚಾಕುವಿನ ಬೆನ್ನಿನಿಂದ ಹೆರೆದು, ಸಾಬೂನಿನಿಂದ ತೊಳೆದು, ಬೂದುಬಣ್ಣದ ಹಿನ್ನೆಲೆ ಲೇಪವನ್ನು ಕೊಟ್ಟು ಒಣಗಿಸಬೇಕು. ಅದರ ಮೇಲೆ ಮೂಲವರ್ಣಗಳು: ಚರ್ಮಕ್ಕೊಂದು, ವಸ್ತ್ರಕ್ಕೊಂದು, ಲೋಹಕ್ಕೊಂದು. ಆಮೇಲೆ ನೀರಾಗಿಸಿದ ಕಂದುಬಣ್ಣವನ್ನು ಮೈಮೇಲೆ ಹರಿಯಬಿಟ್ಟರೆ, ಅದು ತಾನೇ ತಾನಾಗಿ ವಸ್ತ್ರದ ನಿರಿಗೆಗಳಿಗೂ ಬೆರಳ ಸಂದಿಗಳಿಗೂ ಇಳಿದು ಅಲ್ಲಿ ನೆರಳಾಗಿ ನಿಲ್ಲುತ್ತದೆ. ಈ ಹಂತದಲ್ಲಿ, ಅದುವರೆಗೆ ಪ್ಲಾಸ್ಟಿಕ್ಕಾಗಿದ್ದುದು ತಟ್ಟನೆ ಉಸಿರಾಡಿದಂತೆ ತೋರುವ ಕ್ಷಣವೊಂದುಂಟು, ಅದನ್ನು ಕಂಡ ನಾನು ಚಹಾ ಆರಿಹೋದುದನ್ನೂ ಗಮನಿಸಲಿಲ್ಲ. ಕೊನೆಗೆ, ಕುಂಚವನ್ನು ಬಟ್ಟೆಗೆ ಒರಸಿ ಒರಸಿ ಬಣ್ಣವೇ ಇಲ್ಲವೆನ್ನುವಷ್ಟು ಒಣಗಿಸಿ, ಉಬ್ಬಿದ ಅಂಚುಗಳ ಮೇಲೆ ಮಾತ್ರ ಸವರಿದರೆ ಬೆಳಕು ಬಿದ್ದಂತಾಗುತ್ತದೆ. ಕಣ್ಣುಗಳ ವಿಷಯದಲ್ಲಿ ನಮಗಿಬ್ಬರಿಗೂ ವಾದವಾಯಿತು. ತಪ್ಪಿದರೆ ಮುಖವನ್ನೆಲ್ಲ ಮತ್ತೆ ಬಳಿಯುವುದು ಸುಲಭವಾದುದರಿಂದ ಕಣ್ಣನ್ನು ಮೊದಲೇ ಬರೆದುಬಿಡಬೇಕೆಂದು ಅವನು. ನಮ್ಮ ಶಿಲ್ಪಿಗಳ ಪರಂಪರೆಯಲ್ಲಿ ನೇತ್ರೋನ್ಮೀಲನವು ಕಟ್ಟಕಡೆಯ ಕಾರ್ಯವೆಂದು ನಾನು. ಅವನ ವೀರನಿಗೆ ಮೊದಲೂ ನನ್ನ ವೀರನಿಗೆ ಕಡೆಯಲ್ಲೂ ಕಣ್ಣು ಬಂದವು. ನನ್ನವನದು ತುಸು ಓರೆ.

ಹೀಗೆ ಕೆಲಸ ಮಾಡುತ್ತಿರುವಾಗ ಕೊಪ್ಪಳದ ನೆರೆಯ ಕಿನ್ನಾಳವು ನನಗೆ ಪದೇ ಪದೇ ನೆನಪಿಗೆ ಬಂದಿತು. ಅಲ್ಲಿಯ ಚಿತ್ರಗಾರ ಮನೆತನಗಳು ವಿಜಯನಗರದ ಕಾಲದಿಂದ ಬಂದವೆಂದೂ, ಹಂಪೆಯ ವಿರೂಪಾಕ್ಷ ದೇವಾಲಯದ ವರ್ಣಚಿತ್ರಗಳು ಅವರ ಪೂರ್ವಿಕರವೆಂದೂ ಪ್ರತೀತಿ. ಹಗುರವಾದ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸಂದುಗಳಿಗೆ ಮರದ ಹೊಟ್ಟನ್ನೂ ನಾರಿನ ಚಿಂದಿಯನ್ನೂ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಮೆತ್ತಿ, ಕಲ್ಲಿನ ಪುಡಿಯ ಕಲಸಿನಿಂದ ಒಡವೆಗಳ ಉಬ್ಬುಗೆಲಸವನ್ನು ಎತ್ತಿ, ಬಿಳಿಯ ಹಿನ್ನೆಲೆ ಕೊಟ್ಟು, ಅನಂತರವೇ ಬಣ್ಣಕ್ಕೆ ಕೈಹಾಕುವರು. ತವರವನ್ನು ಕರಗಿಸಿ, ಪುಡಿಯಾಗಿಸಿ, ಅಂಟಿನೊಡನೆ ಅರೆದು, ಬಳಿದು ಉಜ್ಜಿದರೆ ಬೆಳ್ಳಿಯಂತೆ ಹೊಳೆಯುವ ಲೇಪಕ್ಕೆ ಅವರು ಲಾಜವರವೆನ್ನುವರು. ಹುಡುಗನ ಪೆಟ್ಟಿಗೆಯಲ್ಲಿ ಸಂದು ತುಂಬುವ ಹಸುರು ಮೇಣವೊಂದಿದ್ದಿತು, ಅದು ಕಿಟ್ಟ. ಲೋಹವರ್ಣದ ಶೀಷೆಯೊಂದಿದ್ದಿತು, ಅದು ಲಾಜವರ. ಬೂದುಬಣ್ಣದ ಹಿನ್ನೆಲೆ ಲೇಪವು ಚಿತ್ರಗಾರರ ಬಿಳಿ. 2012ರಲ್ಲಿ ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದು ಸಂತೋಷದ ಸಂಗತಿಯೇ. ಆದರೂ ಆ ಗರುಡನೂ ಕಾಮಧೇನುವೂ ಬೀರುವಿನ ಗಾಜಿನ ಹಿಂದೆ ನಿಲ್ಲುವುದಕ್ಕೇ ಮೀಸಲಾಗಿಬಿಟ್ಟಿವೆಯೆಂಬುದು ನನ್ನನ್ನು ಬಾಧಿಸುತ್ತದೆ. ಬಳ್ಳಿಗಾವಿಯಲ್ಲಿ 1047ರ ಸ್ತಂಭದ ಮೇಲೆ ನಿಂತ ಗಂಡಭೇರುಂಡ, ಹಂಪೆಯ ಮಂಟಪಗಳ ಕಂಬಗಳಿಂದ ಮುನ್ನುಗ್ಗುವ ಯಾಳಿ, ಶರಭ, ಬೇತಾಳ — ಇಷ್ಟೊಂದು ಅದ್ಭುತಜೀವಿಗಳು ನಮ್ಮ ಕಲ್ಲುಗಳಲ್ಲಿ ಕುಳಿತಿರುವಾಗ, ಒಂದಂಗುಲದ ಯಾಳಿಯನ್ನು ಮರದಲ್ಲಿ ಕೆತ್ತಿ, ಬಣ್ಣವನ್ನು ಮಾತ್ರ ಆಡುವ ಮಗುವಿಗೆ ಬಿಟ್ಟುಕೊಡುವ ಚಿತ್ರಗಾರನೊಬ್ಬ ಕಿನ್ನಾಳದಲ್ಲಿ ಮುಂದೆ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಆಡಿದುದು ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಸಂಜೆ. ಮಳೆ ಹಿಡಿದು ಕರೆಂಟು ಹೋಗಿದ್ದಿತು. ಕಂದೀಲಿನ ಬೆಳಕಿನಲ್ಲಿ ನಾವು ಐವರು. ವೀರರು ನಾಲ್ವರು, ಅವರೆದುರಿಗೆ ಕೋಣೆಗಳ ಗುಟ್ಟನ್ನೆಲ್ಲ ಬಲ್ಲ ದುಷ್ಟ ಮಾಂತ್ರಿಕನಾಗಿ ಹುಡುಗನ ಅಕ್ಕ. ಕಾಳಗದ ದಾಳಕ್ಕೆ ಆರು ಮುಖ: ಮೂರರಲ್ಲಿ ತಲೆಬುರುಡೆ, ಎರಡರಲ್ಲಿ ವೀರರನ್ನು ಕಾಯುವ ಬಿಳಿಯ ಗುರಾಣಿ, ಒಂದರಲ್ಲಿ ರಾಕ್ಷಸರನ್ನು ಕಾಯುವ ಕಪ್ಪು ಗುರಾಣಿ. ಕಾಡುವೀರನಿಗೆ ಹೊಡೆಯಲು ಮೂರು ದಾಳ, ಎಂಟು ಏಟಿನ ಆಯುಸ್ಸು. ನನ್ನ ಪಾಲಿಗೆ ಬಂದ ಮಂತ್ರವಾದಿಗೆ ಒಂದೇ ದಾಳ, ನಾಲ್ಕೇ ಏಟು, ಜೊತೆಗೆ ಕೆಲವು ಮಂತ್ರಗಳು. ಚೌಕಾಬಾರದಲ್ಲಿ ಹುಣಸೆಬೀಜವನ್ನು ಉರುಳಿಸಿ ಬಳೆಚೂರನ್ನು ನಡೆಸುವಾಗ, ಹುಲಿಕುರಿಯಾಟದಲ್ಲಿ ಹದಿನೈದು ಹರಳುಗಳಿಂದ ಮೂರು ಹುಲಿಗಳನ್ನು ಕಟ್ಟುವಾಗ, ಹರಳು ಸತ್ತರೆ ಇನ್ನೊಂದು ಹರಳು. ಇಲ್ಲಿಯಾದರೋ ಎಂಟು ದಿನ ಕಣ್ಣಿಗೆ ಕಣ್ಣಿಟ್ಟು ನೋಡಿ, ಉಡುಪಿನ ಅಂಚಿಗೆ ಇಳಕಲ್ಲಿನ ಸೀರೆಯ ಕೆಂಪನ್ನು ಕೊಟ್ಟು, ಕಣ್ಣು ಓರೆಯಾದುದಕ್ಕೆ ಮರುಗಿದ್ದ ಮುದುಕನನ್ನು ಕತ್ತಲೆಯ ಬಾಗಿಲೊಳಗೆ ಮೊದಲಿಗನಾಗಿ ಕಳುಹಿಸಲು ನನಗೆ ಕೈ ಬರಲಿಲ್ಲ. "ಮಾಮಾ, ಹೆದರಬ್ಯಾಡ್ರಿ, ನಾ ಮುಂದ ಹೊಕ್ಕೀನಿ" ಎಂದು ಹುಡುಗನು ತನ್ನ ಕಾಡುವೀರನನ್ನು ಮುಂದಿಟ್ಟನು. ವಿಜಯನಗರಕ್ಕೂ ಬಹಮನಿಗಳಿಗೂ ಅವರ ಉತ್ತರಾಧಿಕಾರಿಗಳಿಗೂ ಇನ್ನೂರು ವರ್ಷ ರಣಭೂಮಿಯಾಗಿದ್ದ, 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದ ಈ ನೆಲದಲ್ಲಿ, ಗೊಂಬೆಯೊಂದರ ಪ್ರಾಣಕ್ಕಾಗಿ ಐವರು ಉಸಿರು ಬಿಗಿಹಿಡಿದು ಕುಳಿತಿದ್ದೆವು.

ಆ ಗದ್ದಲದಲ್ಲಿಯೇ ಯಾರದೋ ಮೊಣಕೈ ತಗುಲಿ ಹಸುರು ಗಾಬ್ಲಿನ್ನೊಂದು ಮೇಜಿನಿಂದ ಹಾಸುಗಲ್ಲಿನ ಮೇಲೆ ಬಿದ್ದು, ಅದರ ಎಡಗಾಲು ಕಣಕಾಲಿನ ಬಳಿ ಮುರಿದು ಎಲ್ಲಿಯೋ ಸಿಡಿಯಿತು. ಕಂದೀಲು ಹಿಡಿದು ಹುಡುಕಿದರೂ ಸಿಕ್ಕಲಿಲ್ಲ. ಅಕ್ಕನು ಅದನ್ನು ಪೆಟ್ಟಿಗೆಗೆ ಹಾಕಹೊರಟಾಗ ಹುಡುಗನು ತಡೆದು, ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿ, "ಯಕ್ಕಾ, ಇದು ಕುಂಟೆತ್ತು. ಇದು ನಿಂತ ಬಾಗಿಲ ದಾಟೋರು ಯಾರಾದರೂ ಸೈ, ಒಂದು ಬಂಗಾರದ ನಾಣ್ಯ ಇಟ್ಟು ಹೋಗಬೇಕು" ಎಂದು ವಿಧಿಸಿದನು. ಪೆಟ್ಟಿಗೆಯೊಡನೆ ಬಂದ ನಿಯಮಗಳ ಪುಸ್ತಕದಲ್ಲಿ ಅಂಥದೇನೂ ಇರಲಿಲ್ಲ, ಯಾರೂ ಎದುರಾಡಲಿಲ್ಲ. ಮರುದಿನ ಬೆಳಗ್ಗೆ ಅವನು ಹೊಳೆಯಿಂದ ಒಂದು ಹಿಡಿ ಮರಳು ತಂದು, ಮುರಿದ ಕಾಲಿನ ಕೆಳಗೆ ಅಂಟಿನಲ್ಲಿ ಗುಡ್ಡೆಮಾಡಿ, ಗಾಬ್ಲಿನ್ನು ಅದಕ್ಕೆ ಒರಗಿ ನಿಲ್ಲುವಂತೆ ಮಾಡಿ, ಒಣಗಲೆಂದು ಜಗುಲಿಯ ಮೇಲೆ, ಆಗತಾನೆ ಸುಣ್ಣ ಕಂಡಿದ್ದ ಜೋಡೆತ್ತುಗಳ ಗೋದಲಿಯ ಪಕ್ಕದಲ್ಲಿ ಇಟ್ಟನು. ಪೂಜೆಗೆ ಬಂದ ನನ್ನ ತಂಗಿ ಅದನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಎತ್ತುಗಳಿಗೆ ಇಟ್ಟ ಹೋಳಿಗೆಯ ತುದಿಯನ್ನು ಮುರಿದು ಅದರ ಮುಂದೆಯೂ ಇಟ್ಟಳು.