ಕಾರಿನ ಹೊಸಿಲು ತೊಳೆದಿರಾ?

ಈ ಸಲದ ನನ್ನ ಮಾತು ಕಾರು ತೊಳೆಯುವುದರ ಬಗ್ಗೆ. ಕನ್ನಡ ಎಂ.ಎ. ಓದಿದ ಆಂಟಿ ಹಳಗನ್ನಡ ಬಿಟ್ಟು ಹಳೆಯ ಕಾರಿಗೆ ಯಾಕೆ ಬಂದರು ಎಂದು ನಗಬೇಡಿ. ಶನಿವಾರದ ಕನ್ನಡ ತರಗತಿಗೆ ಅಪ್ಪ ಅಮ್ಮನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಬರುತ್ತಿದ್ದ ನೀವು ಈಗ ಸ್ವಂತ ಕಾರು ಓಡಿಸಿಕೊಂಡು ಬರುತ್ತಿದ್ದೀರಿ. ಚಹಾ ಹೊತ್ತಿನಲ್ಲಿ ನಿಮ್ಮ ಮಾತೆಲ್ಲ ಅದರದ್ದೇ. ಅದರಲ್ಲೂ ಹಳೆಯ ಮಜ್ದಾ ಎಂಎಕ್ಸ್-5 ಕೊಂಡವರ ಸಂಭ್ರಮ ನೋಡಬೇಕು! ನನ್ನ ತಮ್ಮನ ಮಗನೂ ಆ ಗುಂಪಿನವನೇ. ಅವನ ಜೊತೆ ಬಕೆಟ್ಟು ಹಿಡಿದು ನಿಂತು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಕಾರಿನ ಪರಿಚಯ. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ಸುಮಾರು ಒಂದು ಟನ್ ತೂಕ. 1989ರಲ್ಲಿ ಷಿಕಾಗೋ ಆಟೋ ಶೋನಲ್ಲಿ ಇದನ್ನು ಮೊದಲು ತೋರಿಸಿದರು. ದೀಪಗಳು ಕಪ್ಪೆಕಣ್ಣಿನ ಹಾಗೆ ಮೇಲೇಳುವ ಮೊದಲ ತಲೆಮಾರಿನ ಕಾರು 1997ರವರೆಗೆ ತಯಾರಾಯಿತು. 2016ರಲ್ಲಿ ಹತ್ತು ಲಕ್ಷದ ಕಾರು ಜಪಾನಿನ ಹಿರೋಶಿಮಾದ ಕಾರ್ಖಾನೆಯಿಂದ ಹೊರಬಂತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಎಂಬ ಗಿನ್ನೆಸ್ ದಾಖಲೆ ಇದರದ್ದೇ. ಇದನ್ನು ರೂಪಿಸಿದವರು 'ಜಿನ್ಬಾ ಇತ್ತಾಯ್' ಎಂಬ ಜಪಾನಿ ಮಾತನ್ನು ಮುಂದಿಟ್ಟುಕೊಂಡಿದ್ದರು. ಕುದುರೆಯೂ ಸವಾರನೂ ಒಂದಾಗುವುದು ಎಂದು ಅರ್ಥ.

ಕುದುರೆ ಎಂದ ಮೇಲೆ ಅದರ ಮೈ ತೊಳೆಯಬೇಕಲ್ಲ? ನಮ್ಮ ಹಳ್ಳಿಗಳಲ್ಲಿ ಸಂಕ್ರಾಂತಿಯ ದಿನ ಎತ್ತು, ಹಸುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಾರೆ. ಕೊಂಬಿಗೆ ಬಣ್ಣ, ಕೊರಳಿಗೆ ಹಾರ ಹಾಕುವುದು ಆಮೇಲೆ. ಮೈ ಉಜ್ಜುವಾಗಲೇ ರೈತನಿಗೆ ಎಲ್ಲಿ ಉಣ್ಣೆ ಕಚ್ಚಿದೆ, ಎಲ್ಲಿ ನೊಗ ತಾಗಿ ಗಾಯವಾಗಿದೆ, ಯಾವ ಗೊರಸು ಸೀಳಿದೆ ಎಂದು ತಿಳಿಯುತ್ತದೆ. ಮೈ ತೊಳೆಯುವುದೆಂದರೆ ಮೈ ನೋಡುವುದು. ಕಾರನ್ನು ನಿಜವಾಗಿ ಪ್ರೀತಿಸುವವರು ಅದನ್ನು ಕೈಯಿಂದಲೇ ತೊಳೆಯುವುದೂ ಇದಕ್ಕೇ. ಯಂತ್ರದ ಬ್ರಷ್ಷುಗಳ ಕೆಳಗೆ ಬಿಟ್ಟರೆ ಕೊಳೆ ಹೋಗಬಹುದು, ಆದರೆ ಕಾರಿಗೆ ಏನಾಗಿದೆ ಎಂದು ನಿಮಗೆ ಹೇಳುವವರು ಯಾರು?

ಇಲ್ಲಿ, ಬ್ರಿಟನ್ನಿನಲ್ಲಿ, ಹಳೆಯ ಕಾರಿನ ದೊಡ್ಡ ಶತ್ರು ಉಪ್ಪು. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಕಲ್ಲುಪ್ಪು ಎರಚುತ್ತಾರೆ. ಆ ಉಪ್ಪಿನ ಬಹುಪಾಲು ಚೆಷೈರಿನ ವಿನ್ಸ್‌ಫರ್ಡ್ ಗಣಿಯಿಂದ ಬರುತ್ತದೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಬೇಗ ಗಟ್ಟಿಯಾಗುವುದಿಲ್ಲ. ಆದ್ದರಿಂದ ರಸ್ತೆಗೆ ಒಳ್ಳೆಯದು. ಕಬ್ಬಿಣಕ್ಕೆ ಮಾತ್ರ ಕೆಟ್ಟದ್ದು. ತುಕ್ಕು ಹಿಡಿಯಲು ಕಬ್ಬಿಣ, ಗಾಳಿಯ ಆಮ್ಲಜನಕ, ನೀರು, ಈ ಮೂರು ಸೇರಬೇಕು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಆ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಹುಟ್ಟಿದ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಮೇಲಿನ ಬಣ್ಣವನ್ನು ಎತ್ತಿ ಗುಳ್ಳೆ ಮಾಡುತ್ತದೆ. ಹೊರಗೆ ಗುಳ್ಳೆ ಕಂಡಿತೆಂದರೆ ಒಳಗೆ ಕೆಲಸ ಬಹಳ ಮುಂದೆ ಹೋಗಿದೆ ಎಂದೇ ತಿಳಿಯಿರಿ.

ಈಗ ತೊಳೆಯುವ ಕ್ರಮ. ಬಿಸಿಲಿನಲ್ಲಿ ಬೇಡ, ನೆರಳಿನಲ್ಲಿ ತೊಳೆಯಿರಿ. ಬಿಸಿಯಾದ ತಗಡಿನ ಮೇಲೆ ಸೋಪು ಒಣಗಿ ಕಲೆಯಾಗುತ್ತದೆ. ಮೊದಲು ಚಕ್ರಗಳು, ಏಕೆಂದರೆ ಅತಿ ಹೆಚ್ಚು ಕೊಳೆ ಅಲ್ಲಿಯೇ. ಬ್ರೇಕಿನಿಂದ ಉದುರುವ ಪುಡಿಯಲ್ಲಿ ಲೋಹದ ಕಣಗಳಿರುತ್ತವೆ. ಚಕ್ರಕ್ಕೆ ಬಳಸಿದ ಬಟ್ಟೆಯನ್ನು ಬಣ್ಣಕ್ಕೆ ಮುಟ್ಟಿಸಲೇಬೇಡಿ. ಆಮೇಲೆ ಇಡೀ ಕಾರಿಗೆ ಬರಿಯ ನೀರು ಹಾಯಿಸಿ ಮರಳು, ಮಣ್ಣು ಸಡಿಲಿಸಿ. ಚಕ್ರದ ಮೇಲಿನ ಕಮಾನಿನ ಒಳಗೆ ಮತ್ತು ಕಾರಿನ ತಳಕ್ಕೆ ಹೆಚ್ಚು ಹೊತ್ತು ನೀರು ಬಿಡಿ. ಉಪ್ಪು ಕೂರುವುದು ಅಲ್ಲೇ.

ಬಕೆಟ್ಟು ಎರಡಿರಲಿ. ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ಒರೆಸಿ, ಬರಿಯ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂಗೆ ಅದ್ದಿ. ಒಂದೇ ಬಕೆಟ್ಟಾದರೆ ತೆಗೆದ ಮರಳನ್ನೇ ಮತ್ತೆ ಕಾರಿಗೆ ತಿಕ್ಕಿದಂತಾಗುತ್ತದೆ. ಬಿಸಿಲಿಗೆ ಹಿಡಿದಾಗ ಕಪ್ಪು ಕಾರಿನ ಮೇಲೆ ಜೇಡರಬಲೆಯಂತೆ ಕಾಣುವ ಗೀರುಗಳು ಬಹುಮಟ್ಟಿಗೆ ಹೀಗೆ ಆದವೇ. ಮೇಲಿನಿಂದ ಕೆಳಗೆ ಬನ್ನಿ. ಸುತ್ತುಸುತ್ತಾಗಿ ಉಜ್ಜದೆ ನೇರ ಗೆರೆಯಲ್ಲಿ, ಹಗುರವಾಗಿ ಒರೆಸಿ. ಬಣ್ಣದ ಮೇಲಿನ ಪಾರದರ್ಶಕ ಪದರ ಕೂದಲೆಳೆಗಿಂತ ತೆಳುವಾಗಿರುತ್ತದೆ. ಪ್ರತಿ ಸಲ ಪಾಲಿಷ್ ಮಾಡಿದಾಗಲೂ ಅದರಲ್ಲಿ ಸ್ವಲ್ಪ ಸವೆದು ಹೋಗುತ್ತದೆ. ಆದ್ದರಿಂದ ಗೀರು ಬಿದ್ದ ಮೇಲೆ ಪಾಲಿಷ್ ಮಾಡುವುದಕ್ಕಿಂತ ಗೀರು ಬೀಳದಂತೆ ತೊಳೆಯುವುದೇ ಜಾಣತನ.

ಪಾತ್ರೆ ತೊಳೆಯುವ ಸೋಪು ಸಾಲದೇ ಎಂದು ಅಮ್ಮ ಕೇಳಬಹುದು. ಅದು ಇರುವುದು ಜಿಡ್ಡು ತೆಗೆಯಲು. ಕಾರಿನ ಮೇಲಿನ ಮೇಣವನ್ನೂ ತೆಗೆದುಬಿಡುತ್ತದೆ. ದೋಸೆ ಕಾವಲಿಯನ್ನು ನೆನಪಿಸಿಕೊಳ್ಳಿ. ಕಬ್ಬಿಣದ ಕಾವಲಿಯನ್ನು ಸೋಪು ಹಾಕಿ ತಿಕ್ಕಿ ಹಾಗೇ ಒದ್ದೆಯಾಗಿ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು. ತೊಳೆದು, ಒರೆಸಿ, ಎಣ್ಣೆ ಸವರಿಟ್ಟರೆ ಅಜ್ಜಿಯ ಕಾಲದ ಕಾವಲಿ ಮೊಮ್ಮಗಳ ಮನೆಯಲ್ಲೂ ದೋಸೆ ಬಿಡಿಸುತ್ತದೆ. ಕಾರಿಗೂ ಅದೇ ಮೂರು ಕೆಲಸ: ತೊಳೆ, ಒರೆಸು, ಮೇಣ ಹಚ್ಚು. ಒಣ ಮೈಕ್ರೋಫೈಬರ್ ಟವೆಲಿನಿಂದ ನೀರನ್ನು ಒತ್ತಿ ಹೀರಿಸಿ. ಎರಡು ಮೂರು ತಿಂಗಳಿಗೊಮ್ಮೆ ಮೇಣ ಹಚ್ಚಿ. ನೀರು ಮಣಿಮಣಿಯಾಗಿ ಉರುಳಿ ಹೋದರೆ ಮೇಣ ಇನ್ನೂ ಇದೆ. ಹರಡಿ ನಿಂತರೆ ಮತ್ತೆ ಹಚ್ಚುವ ಹೊತ್ತು ಬಂತು. ಹಕ್ಕಿಯ ಹಿಕ್ಕೆ ಕಂಡರೆ ಭಾನುವಾರದವರೆಗೆ ಕಾಯಬೇಡಿ. ಅದರಲ್ಲಿರುವ ಆಮ್ಲ ಬಣ್ಣವನ್ನು ತಿನ್ನುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ.

ಬಟ್ಟೆಯ ಮಾಡಿನ ಉಪಚಾರ ಬೇರೆ. ಅದಕ್ಕೆ ಪ್ರೆಷರ್ ವಾಷರ್ ಹತ್ತಿರ ತರಬೇಡಿ, ಹೊಲಿಗೆ ಬಿಡುತ್ತದೆ. ಮೃದುವಾದ ಬ್ರಷ್ಷು, ತೆಳುವಾದ ಸೋಪು ನೀರು ಸಾಕು. ಮೊದಲ ತಲೆಮಾರಿನ ಕಾರಿನ ಹಿಂದಿನ ಕಿಟಕಿ ಗಾಜಲ್ಲ, ಪ್ಲಾಸ್ಟಿಕ್ಕು. ಮಾಡು ಮಡಚುವ ಮೊದಲು ಅದರ ಜಿಪ್ ಬಿಚ್ಚಿ ಮಲಗಿಸಬೇಕು, ಇಲ್ಲದಿದ್ದರೆ ಮಡಿಕೆ ಬಿದ್ದು ಬಿಳಿಚಿಕೊಳ್ಳುತ್ತದೆ. ತೀರಾ ಚಳಿಯಿದ್ದಾಗ ಮಡಚಲೇಬೇಡಿ. ಸೆಟೆದ ಪ್ಲಾಸ್ಟಿಕ್ಕು ಸೀಳುತ್ತದೆ.

ಈಗ ಬಹಳ ಮುಖ್ಯವಾದ ವಿಷಯ, ಕಾರಿನ ಹೊಸಿಲು. ಬಾಗಿಲಿನ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ತಗಡಿನ ಪೆಟ್ಟಿಗೆಗೆ ಇಲ್ಲಿಯವರು 'ಸಿಲ್' ಎನ್ನುತ್ತಾರೆ. ಹೊಸಿಲು ಎಂದೇ ಅದರ ಅರ್ಥ. ಮನೆಯ ಹೊಸಿಲನ್ನು ದಿನವೂ ತೊಳೆದು ಅರಿಸಿನ ಕುಂಕುಮ ಇಡುವ ನಾವು ಕಾರಿನ ಹೊಸಿಲನ್ನು ಬಗ್ಗಿ ಕೂಡ ನೋಡುವುದಿಲ್ಲ. ಗಟ್ಟಿ ಮಾಡಿಲ್ಲದ ಕಾರಿನಲ್ಲಿ ಭಾರ ಹೊರುವ ಕೆಲಸದಲ್ಲಿ ನೆಲಕ್ಕೂ ಹೊಸಿಲಿಗೂ ದೊಡ್ಡ ಪಾಲಿದೆ. ಅಪಘಾತವಾದಾಗ ನಿಮ್ಮನ್ನು ಕಾಯುವುದರಲ್ಲೂ ಅದು ಸೇರಿದೆ. ಹಳೆಯ ಎಂಎಕ್ಸ್-5 ಕೊಳೆಯುವುದು ಸಾಮಾನ್ಯವಾಗಿ ಇಲ್ಲೇ, ಹಿಂದಿನ ಚಕ್ರದ ಸ್ವಲ್ಪ ಮುಂದೆ. ಕಾರಣ ಕೇಳಿ.

ಮಾಡಿನ ಮೇಲೆ ಬಿದ್ದ ಮಳೆ ನೀರು ಸೀಟುಗಳ ಹಿಂದಿರುವ ಕಾಲುವೆಗೆ ಇಳಿದು, ಎರಡೂ ಮೂಲೆಯ ತೂಬುಗಳ ಮೂಲಕ ಕಾರಿನ ಅಡಿಗೆ ಹೋಗಬೇಕು. ತೂಬು ಎಂದರೆ ಕೆರೆಯ ನೀರು ಹೊರಬಿಡುವ ಕಿಂಡಿ; ಊರಿಗೆ ಹೋದಾಗ ಕೆರೆ ಏರಿಯ ಮೇಲೆ ನೋಡಿ. ಶರತ್ಕಾಲದ ತರಗೆಲೆ, ಧೂಳು ಸೇರಿ ಈ ತೂಬು ಕಟ್ಟಿಕೊಂಡರೆ ನೀರು ಒಳಗೇ ಉಕ್ಕಿ, ಕಾರ್ಪೆಟ್ಟು ನೆನೆದು, ಹೊಸಿಲಿನ ಒಳಗೆ ನಿಂತು ಅದನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಎಷ್ಟು ಮೇಣ ಹಚ್ಚಿದರೂ ಪ್ರಯೋಜನವಿಲ್ಲ.

ಮೂರು ವರ್ಷ ದಾಟಿದ ಕಾರಿಗೆ ಇಲ್ಲಿ ಪ್ರತಿ ವರ್ಷ ಎಂಒಟಿ ಪರೀಕ್ಷೆ ಆಗಬೇಕು. ಸೀಟ್‌ಬೆಲ್ಟ್ ಅಥವಾ ಸಸ್ಪೆನ್ಷನ್ ಬಿಗಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ತುಕ್ಕಿನಿಂದ ಬಲ ಕಳೆದುಕೊಂಡಿದ್ದರೆ ಕಾರು ಪಾಸಾಗದು. ಫಿಲ್ಲರ್ ಮೆತ್ತಿ ಬಣ್ಣ ಬಳಿದರೂ ನಡೆಯದು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡನ್ನು ವೆಲ್ಡ್ ಮಾಡಬೇಕು. ಎರಡೂ ಕಡೆ ಮಾಡಿಸುವಷ್ಟರಲ್ಲಿ ಖರ್ಚು ಕಾರಿನ ಬೆಲೆಯ ಹತ್ತಿರ ಬಂದು, ಎಂಜಿನ್ ಚೆನ್ನಾಗಿರುವ ಕಾರು ಗುಜರಿಗೆ ಹೋಗುವುದುಂಟು. ಎರಡು ಹಿಡಿ ಎಲೆಯಿಂದ ಒಂದು ಕಾರು ಸಾಯುತ್ತದೆ ಎಂದರೆ ನಂಬುತ್ತೀರಾ?

ಇದನ್ನು ತಡೆಯಲು ಬೇಕಾದದ್ದು ಒಂದು ಲೋಟ ನೀರು. ಮಾಡನ್ನು ಅರ್ಧ ಎತ್ತಿ, ಸೀಟಿನ ಹಿಂದಿನ ಮೂಲೆಯ ತೂಬಿಗೆ ನೀರನ್ನು ನಿಧಾನವಾಗಿ ಹುಯ್ಯಿರಿ. ಹಿಂದಿನ ಚಕ್ರದ ಮುಂದೆ, ಕಾರಿನ ಕೆಳಗೆ ನೀರು ಸರಾಗವಾಗಿ ಸುರಿದರೆ ಸರಿ. ತಡವಾದರೆ ಎಲೆಗಳನ್ನು ಕೈಯಿಂದ ತೆಗೆದು, ಮೆತ್ತನೆಯ ಪ್ಲಾಸ್ಟಿಕ್ ಎಳೆಯೊಂದನ್ನು ಒಳಗೆ ಬಿಟ್ಟು ಆಡಿಸಿ. ತಂತಿ ಬೇಡ, ಒಳಗಿನ ಕೊಳವೆ ತೂತಾಗುತ್ತದೆ. ಹೊಸಿಲಿನ ತಳದ ಪುಟ್ಟ ಕಿಂಡಿಗಳನ್ನೂ ಬಿಡಿಸಿ. ಹಳೆಯ ಕಾರು ಕೊಳ್ಳಲು ಹೋದಾಗಲೂ ಮೊದಲು ಮಂಡಿಯೂರಿ ನೋಡಬೇಕಾದ ಜಾಗ ಇದೇ. ಆದರೆ ಬರಿಯ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾವತ್ತೂ ನುಸುಳಬೇಡಿ. ಇದು ಆಂಟಿಯ ಮಾತಲ್ಲ, ಆಜ್ಞೆ!

ಬಕೆಟ್ಟು ಎತ್ತಿಡುವ ಮುಂಚೆ ಇನ್ನೈದು ನಿಮಿಷ. ಸಮತಟ್ಟಾದ ನೆಲದಲ್ಲಿ, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ, ಆಯಿಲ್ ಕಡ್ಡಿ ಎಳೆದು ಮಟ್ಟ ನೋಡಿ. ಕೂಲೆಂಟ್ ಮಟ್ಟ ನೋಡಿ. ಎಂಜಿನ್ ಬಿಸಿಯಿದ್ದಾಗ ಮಾತ್ರ ಮುಚ್ಚಳ ತೆಗೆಯಬೇಡಿ. ಟೈರ್ ತಣ್ಣಗಿದ್ದಾಗ ಗಾಳಿಯ ಒತ್ತಡ ಅಳೆಯಿರಿ. ಮೊದಲ ತಲೆಮಾರಿನ ಎಂಎಕ್ಸ್-5ಕ್ಕೆ 26 ಪಿಎಸ್‌ಐ ಸಾಕು. ಬೇರೆ ಕಾರಿನ ಲೆಕ್ಕದಲ್ಲಿ ತುಂಬಿಸಿದರೆ ಇಷ್ಟು ಹಗುರ ಕಾರು ರಸ್ತೆ ಮೇಲೆ ಕುಣಿಯುತ್ತದೆ. ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳ ಇರಲೇಬೇಕೆಂದು ಕಾನೂನಿದೆ. 20 ಪೆನ್ಸ್ ನಾಣ್ಯವನ್ನು ಗೀರಿನೊಳಗೆ ನಿಲ್ಲಿಸಿ. ಅದರ ಅಂಚಿನ ಪಟ್ಟಿ ಹೊರಗೆ ಕಂಡರೆ ಟೈರ್ ಅಂಗಡಿಗೆ ಹೋಗಿ.

ಇಷ್ಟೆಲ್ಲ ಯಾವಾಗ ಮಾಡುವುದು ಎಂದರೆ ನಮ್ಮ ಪಂಚಾಂಗವೇ ನೆನಪಿಸುತ್ತದೆ. ಆಯುಧಪೂಜೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಎಲೆ ಉದುರುವ ಹೊತ್ತಿಗೆ, ಉಪ್ಪು ಎರಚಲು ಶುರುವಾಗುವ ಮುನ್ನ. ಯುಗಾದಿ ಬರುವುದು ಮಾರ್ಚ್, ಏಪ್ರಿಲಿನಲ್ಲಿ, ಉಪ್ಪಿನ ಕಾಲ ಮುಗಿಯುತ್ತಾ ಬಂದಾಗ. ಆಯುಧಪೂಜೆಗೆ ತೂಬು ಬಿಡಿಸಿ ಮೇಣ ಹಚ್ಚಿ. ಯುಗಾದಿಯ ಎಣ್ಣೆ ಸ್ನಾನ ನಿಮಗೆ, ತಳದ ಸ್ನಾನ ಕಾರಿಗೆ. ನಡುವಿನ ಸಂಕ್ರಾಂತಿಗೆ ಒಂದು ಸಲ ಉಪ್ಪು ತೊಳೆದರೆ ಇನ್ನೂ ಒಳ್ಳೆಯದು.

ಪೂಜೆಯ ದಿನ ಕುಂಕುಮ, ಅರಿಸಿನವನ್ನು ಗಾಜಿನ ಮೇಲೆ ಇಡಿ. ಬಟ್ಟೆಯ ಮಾಡಿಗೆ ಅರಿಸಿನ ತಾಗಿದರೆ ಕಲೆ ಹೋಗುವುದು ಕಷ್ಟ. ಚಕ್ರಕ್ಕೆ ಇಟ್ಟ ನಿಂಬೆಹಣ್ಣಿನ ರಸ ಸಿಡಿದಿದ್ದರೆ ಅಂದೇ ನೀರು ಹಾಕಿ. ನಂಬರ್ ಪ್ಲೇಟ್ ಮುಚ್ಚುವಂತೆ ಹಾರ ಹಾಕಿ ರಸ್ತೆಗಿಳಿಯಬೇಡಿ, ಅದು ಅಪರಾಧ. ತೊಳೆದ ನೀರನ್ನೂ ಯೋಚಿಸಿ: ರಸ್ತೆ ಬದಿಯ ಚರಂಡಿ ಅನೇಕ ಕಡೆ ನೇರ ಹೊಳೆಗೆ ಸೇರುತ್ತದೆ. ಆದಷ್ಟು ಜಲ್ಲಿಯ ಮೇಲೋ ಹುಲ್ಲಿನ ಮೇಲೋ ನಿಲ್ಲಿಸಿ ತೊಳೆಯಿರಿ.

ಹಳೇ ಡಬ್ಬಾಕ್ಕೆ ಇಷ್ಟು ಹೊತ್ತು ಯಾಕೆ ಎಂದು ನಿಮ್ಮಪ್ಪ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅವರ ತಲೆಮಾರಿನವರಿಗೆ ಇಲ್ಲಿ ಕಾರು ಎಂದರೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಿಸಬೇಕಾದ ವಸ್ತು. ಕೆಟ್ಟು ನಿಂತರೆ ಕರೆದು ಹೇಳಲು ನೆಂಟರಿರಲಿಲ್ಲ. ಅವರ ಕೈಗೂ ಒಂದು ಒಣ ಟವೆಲ್ ಕೊಡಿ. ಒರೆಸುತ್ತಾ ಒರೆಸುತ್ತಾ ಊರಿನ ಸ್ಕೂಟರಿನ ಕಥೆ ತಾನಾಗಿ ಹೊರಗೆ ಬರುತ್ತದೆ. ಕನ್ನಡದಲ್ಲೇ ಬರುತ್ತದೆ, ಕೇಳಿಸಿಕೊಳ್ಳಿ.

ಎಂಎಕ್ಸ್-5 ಇಲ್ಲದವರೂ ಈ ಭಾನುವಾರ ನಿಮ್ಮ ಕಾರಿನ ಪಕ್ಕ ಮಂಡಿಯೂರಿ ಹೊಸಿಲಿಗೆ ಕೈ ಹಾಯಿಸಿ ನೋಡಿ. ಗುಳ್ಳೆ ಸಿಕ್ಕಿದರೆ ಮುಂದಿನ ಎಂಒಟಿವರೆಗೆ ಕಾಯಬೇಡಿ, ಆ ವಾರವೇ ಒಳ್ಳೆಯ ವೆಲ್ಡರ್ ಒಬ್ಬರಿಗೆ ತೋರಿಸಿ. ಸಿಗದಿದ್ದರೆ ಸಂತೋಷ, ಮೇಣದ ಡಬ್ಬಿ ತೆಗೆಯಿರಿ. ಮುಂದಿನ ಮಾತಿನಲ್ಲಿ ಸಿಗೋಣ.